ಹೊಳಪು ಮರಳುವ ಗಲ್ಲಿ

ಶಿವಾಜಿನಗರ ಬಸ್ ನಿಲ್ದಾಣದಿಂದ ರಸೆಲ್ ಮಾರ್ಕೆಟ್ ಕಡೆಗೆ ನಡೆಯುವವರಿಗೆ ಮೂಗೇ ದಾರಿ ಹೇಳುತ್ತದೆ. ಮೊದಲು ಸೇವಂತಿಗೆ, ಆಮೇಲೆ ಮೀನು, ಅದಾದ ಮೇಲೆ ಕಬಾಬಿನ ಇದ್ದಿಲು. 1927ರಲ್ಲಿ ಕಟ್ಟಿದ ಆ ಮಾರುಕಟ್ಟೆಯನ್ನು ಬಳಸಿಕೊಂಡು ಹಿಂದಿನ ಗಲ್ಲಿಗಳಿಗೆ ಹೊರಳಿದರೆ ಇವೆಲ್ಲ ಹಿಂದೆ ಬಿದ್ದು ಸ್ಪಿರಿಟ್ಟಿನ ಘಾಟು ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಮೂಗಿಗೆ ಬಡಿಯುವಂಥ ಚೂಪು ಘಾಟಲ್ಲ, ಒಳಗೆ ಜೇನುಮೇಣದ ಹಾಗೆ ಏನೋ ಸಿಹಿ ಬೆರೆತಿರುತ್ತದೆ. ಆ ಸಿಹಿ ಅರಗಿನದು. ಅದು ಮೂಗಿಗೆ ತಾಗಿತೆಂದರೆ ಹಳೆಯ ಮರದ ಸಾಮಾನಿಗೆ ಪಾಲಿಶ್ ಹಾಕುವವರ ಜಾಗ ಬಂತು ಎಂದೇ ಅರ್ಥ.

ಫೆಬ್ರುವರಿಯ ಒಂದು ಬೆಳಿಗ್ಗೆ ಆಟೋದಲ್ಲಿ ಪಕ್ಕಕ್ಕೆ ಒಂದು ಟೀಪಾಯಿ ಕೂರಿಸಿಕೊಂಡು ಅಲ್ಲಿಗೆ ಹೋದೆ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಿಂದ ಬಂದ ತೇಗದ ಟೀಪಾಯಿ ಅದು. ಮೈಮೇಲೆ ಮೂರು ಕಲೆ. ಒಂದು, ಬಿಸಿ ಕಾಫಿ ಲೋಟ ಇಟ್ಟಲ್ಲಿ ಎದ್ದ ಬಿಳಿ ಉಂಗುರ. ಎರಡು, ಕಬ್ಬಿಣದ ಸ್ಟ್ಯಾಂಡಿನ ಹೂಕುಂಡ ಮಳೆಗಾಲವಿಡೀ ನೀರು ಒಸರಿಸಿ ಮಾಡಿದ ಕಪ್ಪು ಅರ್ಧಚಂದ್ರ. ಮೂರನೆಯದು ನನ್ನ ಕೈಯಿಂದಲೇ ಆದದ್ದು. 2020ರ ಬೇಸಿಗೆಯಲ್ಲಿ ಬಾಗಿಲ ಪಕ್ಕ ಟೀಪಾಯಿ ಇಟ್ಟು, ಬಂದುಹೋಗುವವರಿಗೆಂದು ಅದರ ಮೇಲೆ ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದೆ. ಬಾಟಲಿಯ ಬಾಯಿಂದ ತೊಟ್ಟಿಕ್ಕಿದಲ್ಲೆಲ್ಲ ಪಾಲಿಶ್ ಕರಗಿ, ಸುಕ್ಕಾಗಿ, ಮತ್ತೆ ಗಟ್ಟಿಯಾಗಿತ್ತು.

ಮೇಲಿನದ್ದನ್ನೆಲ್ಲ ಉಜ್ಜಿಸಿ ಹೊಸ ಪಾಲಿಶ್ ಹಾಕಿಸುವುದು ಎಂಬ ತೀರ್ಮಾನದಲ್ಲೇ ಹೊರಟಿದ್ದೆ. ಗಲ್ಲಿಯಲ್ಲಿ ಕಳೆದ ಒಂದು ದಿನ ಆ ತೀರ್ಮಾನವನ್ನು ಬದಲಾಯಿಸಿತು.

ದಂಡಿನ ಕುರ್ಚಿಗಳು

ಹಳೆಯ ಪೀಠೋಪಕರಣ ಈ ಭಾಗದಲ್ಲಿ ಇಷ್ಟೊಂದು ಸೇರಿಕೊಂಡದ್ದಕ್ಕೆ ಊರಿನ ಚರಿತ್ರೆಯಲ್ಲೇ ಕಾರಣವಿದೆ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ಬೀಡುಬಿಟ್ಟಿತು. ದಂಡಿನ ಅಧಿಕಾರಿಗಳು ಒಂದೇ ಊರಲ್ಲಿ ನೆಲೆ ನಿಲ್ಲುವವರಲ್ಲ. ವರ್ಗವಾಗಿ ಹೋಗುವವರು ಮಂಚ, ಮೇಜು ಮಾರಿ ಹೋಗುವರು, ಹೊಸದಾಗಿ ಬಂದವರು ಕೊಳ್ಳುವರು. ಕೈಯಿಂದ ಕೈಗೆ ದಾಟುವಾಗ ಮುರಿದದ್ದನ್ನು ಕೂಡಿಸಲು ಬಡಗಿ ಬೇಕು, ಮಾಸಿದ್ದನ್ನು ಬೆಳಗಲು ಪಾಲಿಶ್‌ನವರು ಬೇಕು. ದಂಡು ಹೋಗಿ ದಶಕಗಳಾದರೂ ಆ ಕೈಗಳ ಕಸುಬು ಇಲ್ಲಿ ಉಳಿದಿದೆ.

ಗಲ್ಲಿಯ ಎರಡು ಬದಿಗೂ ಸಾಮಾನು ಬೀದಿಗೇ ಚಾಚಿಕೊಂಡಿದೆ. ಉದ್ದ ತೋಳಿನ ಎಸ್ಟೇಟ್ ಕುರ್ಚಿ, ಬೆತ್ತ ಕಿತ್ತುಹೋದ ಆರಾಮ ಕುರ್ಚಿ, ಕನ್ನಡಿ ಮಂಕಾದ ಡ್ರೆಸಿಂಗ್ ಟೇಬಲ್, ಸರಪಳಿ ಕಳೆದುಕೊಂಡ ಉಯ್ಯಾಲೆ ಮಣೆ. ಕಾಫಿ ತೋಟದ ಬಂಗಲೆಯ ಸಾಮಾನೂ ಇದೆ, ಚಿಕ್ಕಪೇಟೆಯ ಅಂಗಡಿಯ ಗಲ್ಲಾಪೆಟ್ಟಿಗೆಯೂ ಇದೆ.

ಗಲ್ಲಿಯ ಬಾಯಲ್ಲೇ ಒಬ್ಬ ಹುಡುಗ ಸ್ಯಾಂಡಿಂಗ್ ಮಷೀನು ಹಿಡಿದು ಒಂದು ಬೀಟೆ ಕುರ್ಚಿಯ ಬೆನ್ನು ಉಜ್ಜುತ್ತಿದ್ದ. ನೇರಳೆ ಛಾಯೆಯ ಕಂದು ಪುಡಿ ಎದ್ದು ಅವನ ರೆಪ್ಪೆಯ ಮೇಲೆಲ್ಲ ಕೂತಿತ್ತು. ಬಾಯಿಗೆ ಬಟ್ಟೆ ಕೂಡ ಇರಲಿಲ್ಲ. ಬೀಟೆಯ ಪುಡಿ ಮೈಗೆ ತುರಿಕೆ ತರುವಂಥದು, ಉಸಿರಾಟಕ್ಕೂ ಒಳ್ಳೆಯದಲ್ಲ. ಹತ್ತು ನಿಮಿಷದಲ್ಲಿ ಕುರ್ಚಿಯ ಬೆನ್ನು ಬೋಳಾಯಿತು. ಎಷ್ಟೋ ವರ್ಷ ಬೆಳಕು, ಬೆವರು, ಕೈಯ ಜಿಡ್ಡು ಸೇರಿ ಮರದ ಮೇಲ್ಮೈಗೆ ತಂದುಕೊಟ್ಟ ಬಣ್ಣ ಪುಡಿಯಾಗಿ ನೆಲಕ್ಕೆ ಬಿತ್ತು. ಅದನ್ನು ಯಾವ ಡಬ್ಬಿಯಿಂದಲೂ ಮತ್ತೆ ಬಳಿಯಲಾಗದು.

ಒಂದು ಹನಿ ಸ್ಪಿರಿಟ್

ನಾನು ಹುಡುಕಿ ಹೋದ ಮಳಿಗೆ ಗಲ್ಲಿಯ ಕೊನೆಯಲ್ಲಿದೆ. ಮುಂದೆ ಹತ್ತಡಿ ಅಗಲದ ಅಂಗಡಿ, ಅದರ ಹಿಂದೆ ಒಂದು ಅಂಗಳ, ಅದರ ಹಿಂದೆ ಕಿಟಕಿಯಿರುವ ಒಂದು ಕೋಣೆ. ಎಲ್ಲರೂ ಉಸ್ತಾದ್ ಎಂದು ಕರೆಯುವ ಹಿರಿಯರು ಕಿಟಕಿಯ ಬೆಳಕಿನಲ್ಲಿ ಕೂತಿದ್ದರು. ಉಗುರುಗಳು ಕಾಯಂ ಆಗಿ ಅರಗಿನ ಕೆಂಪು.

"ಉಸ್ತಾದ್, ಇದನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಹಾಕಿಕೊಡಬೇಕು" ಎಂದೆ.

"ಯಾಕಮ್ಮಾ? ಮೊದಲು ಅದರ ಮೈ ಮೇಲೆ ಏನಿದೆ ಅಂತ ಕೇಳೋಣ."

ಅವರು ಟೀಪಾಯಿಯನ್ನು ತಲೆಕೆಳಗು ಮಾಡಿದರು. ಕಾಲಿನ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹತ್ತಿಯ ತುದಿಗೆ ಒಂದು ಹನಿ ಸ್ಪಿರಿಟ್ ಅದ್ದಿ ಮೃದುವಾಗಿ ಉಜ್ಜಿದರು. ಅರ್ಧ ನಿಮಿಷದಲ್ಲಿ ಹತ್ತಿ ಕೆಂಪಾಯಿತು, ಮೇಲ್ಮೈ ಅಂಟಂಟಾಯಿತು. "ಚಪಡಾ" ಎಂದು ಮುಗುಳ್ನಕ್ಕರು.

ಈ ಕಸುಬಿನಲ್ಲಿ ಮೊದಲ ಪರೀಕ್ಷೆ ಇದೇ. ಸ್ಪಿರಿಟ್‌ಗೆ ಕರಗಿದರೆ ಅರಗಿನ ಪಾಲಿಶ್, ಅಂದರೆ ಎಲ್ಲರೂ ಫ್ರೆಂಚ್ ಪಾಲಿಶ್ ಎನ್ನುವುದು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಅಲುಗಾಡದಿದ್ದರೆ ವಾರ್ನಿಶ್ಶೋ, ಮೆಲಮೈನೋ, ಪಿಯು (ಪಾಲಿಯುರೆಥೇನ್) ಪಾಲಿಶ್ಶೋ ಇರಬೇಕು. ಮೇಲೆ ಮೇಣ ಮೆತ್ತಿದ್ದರೆ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಮೊದಲು ಅದನ್ನು ಒರೆಸಿ ತೆಗೆಯುತ್ತಾರೆ. ಟರ್ಪೆಂಟೈನ್ ಮೇಣವನ್ನು ಕರಗಿಸುತ್ತದೆ, ಕೆಳಗಿನ ಅರಗನ್ನು ಮುಟ್ಟುವುದಿಲ್ಲ.

ಒಂದು ಹನಿಯ ಉತ್ತರದ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ. ಪಿಯು ಒಣಗಿತೆಂದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಅದರ ಮೇಲೆ ಹಾಕಿದ ಹೊಸ ಕೋಟು ಹಳೆಯದರ ಮೇಲೆ ಬೇರೆಯೇ ಪದರವಾಗಿ ಕೂರುತ್ತದೆ. ಒಂದು ಕಡೆ ಎದ್ದರೆ ಇಡೀ ಮೇಲ್ಮೈ ಕೆರೆದು ಹಾಕಬೇಕಾಗುತ್ತದೆ. ಅರಗಿನ ಗುಣ ಬೇರೆ. ಹೊಸ ಕೋಟಿನಲ್ಲಿರುವ ಸ್ಪಿರಿಟ್ ಹಳೆಯ ಕೋಟನ್ನೂ ಒಂದಿಷ್ಟು ಕರಗಿಸುತ್ತದೆ. ಎರಡೂ ಸೇರಿ ಒಂದೇ ಪದರವಾಗಿ ಒಣಗುತ್ತವೆ. ಎಷ್ಟೋ ವರ್ಷದ ಹಿಂದಿನ ಅರಗಿಗೂ ಇವತ್ತಿನ ಅರಗಿಗೂ ನಡುವೆ ಗೆರೆ ಉಳಿಯುವುದಿಲ್ಲ. ಹಾಳಾದಷ್ಟು ಜಾಗವನ್ನು ಮಾತ್ರ ಸರಿಪಡಿಸಬಹುದು ಎಂಬುದು ಈ ಪಾಲಿಶ್ಶಿನ ದೊಡ್ಡ ವರ.

"ಇದು ರಿಪೇರಿ ಆಗಲಿ ಅಂತಾನೇ ಮಾಡಿರೋ ಪಾಲಿಶ್ ಅಮ್ಮಾ. ತೆಗೆದು ಬಿಸಾಕಿದರೆ ತಪ್ಪಾಗುತ್ತೆ" ಎಂದರು ಉಸ್ತಾದ್.

ಡಬ್ಬಿಯೊಳಗಿನ ಕಾಡು

ಕೋಣೆಯ ಗೂಡಿನಲ್ಲಿ ಗಾಜಿನ ಜಾಡಿಗಳ ಸಾಲು. ಒಂದರಲ್ಲಿ ಜೇನಿನ ಬಣ್ಣದ ಚಕ್ಕೆ, ಇನ್ನೊಂದರಲ್ಲಿ ಕಿತ್ತಳೆ, ಮತ್ತೊಂದರಲ್ಲಿ ದಾಳಿಂಬೆ ಸಿಪ್ಪೆಯ ಕಂದು. ಅಂಗೈಯಲ್ಲಿ ಹಿಡಿದರೆ ಗಾಜಿನ ಚೂರಿನ ಹಾಗೆ ತೆಳು, ಹಗುರ. ಇದೇ ಚಪಡಾ.

ಹೆಸರಿಗೆ ಫ್ರೆಂಚ್ ಪಾಲಿಶ್. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಯುರೋಪಿನಲ್ಲಿ ಜನಪ್ರಿಯವಾದ ವಿಧಾನ ಅದು. ಸರಕು ಮಾತ್ರ ನಮ್ಮ ಕಾಡಿನದು. ಮುತ್ತುಗ, ಬೋರೆ, ಕುಸುಮ ಮರಗಳ ಎಳೆ ಕೊಂಬೆಗಳ ಮೇಲೆ ಲಕ್ಷೋಪಲಕ್ಷ ಅರಗಿನ ಹುಳುಗಳು ಕೂತು ರಸ ಹೀರಿ, ತಮ್ಮ ಮೈ ಸುತ್ತ ಅಂಟೊಂದನ್ನು ಸ್ರವಿಸಿಕೊಳ್ಳುತ್ತವೆ. ಕೊಂಬೆಯಿಂದ ಅದನ್ನು ಕೆರೆದು, ಕುಟ್ಟಿ, ತೊಳೆದು, ಉದ್ದನೆಯ ಬಟ್ಟೆ ಚೀಲಕ್ಕೆ ತುಂಬಿ ಬೆಂಕಿಯೆದುರು ಹಿಂಡುತ್ತಾರೆ. ಕರಗಿ ಬಂದದ್ದನ್ನು ಹಾಳೆಯಾಗಿ ಎಳೆದು, ಆರಿದ ಮೇಲೆ ಮುರಿದರೆ ಚಪಡಾ. ಜಾರ್ಖಂಡ್, ಛತ್ತೀಸಗಢದ ಕಾಡಂಚಿನ ಜನರಿಗೆ ಇದೊಂದು ದುಡಿಮೆ. ರಾಂಚಿಯ ಬಳಿ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗೆಂದು ಸಂಶೋಧನಾ ಸಂಸ್ಥೆಯೊಂದು ಶುರುವಾಯಿತು. ಗ್ರಾಮಫೋನ್ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ತಟ್ಟೆಗಳಲ್ಲಿ ಇದ್ದುದೂ ಇದೇ ಅರಗು.

ಕನ್ನಡಿಗರಿಗೆ ಅರಗು ಹೊಸದೇನಲ್ಲ. ಪಾಂಡವರ ಅರಗಿನ ಮನೆಯ ಕತೆ ಕೇಳದ ಮಗುವಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಕಡೆತದ ಯಂತ್ರದಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಮಿನುಗುತ್ತದೆ. ಅಲ್ಲಿ ಬಿಸಿಗೆ ಕರಗುವ ಅರಗು ಇಲ್ಲಿ ಶಿವಾಜಿನಗರದಲ್ಲಿ ಸ್ಪಿರಿಟ್‌ಗೆ ಕರಗುತ್ತದೆ. ಬೊಂಬೆಗೂ ಟೀಪಾಯಿಗೂ ಮೈಹೊದಿಕೆ ಒಂದೇ.

ಉಸ್ತಾದರ ಅಳತೆ ಸರಳ. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಚಪಡಾ. ರಾತ್ರಿ ನೆನೆಹಾಕಿ, ಆಗಾಗ ಅಲ್ಲಾಡಿಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸುವುದು. ಅರಗಿನಲ್ಲೇ ಶೇ 3ರಿಂದ 5ರಷ್ಟು ಮೇಣ ಇರುವುದರಿಂದ ದ್ರಾವಣ ಮೊದಲು ಮಬ್ಬಾಗಿ ಕಾಣುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಇಡಬಾರದು, ಬಣ್ಣ ಕಪ್ಪಿಡುತ್ತದೆ. ಬಹಳ ದಿನ ಇಟ್ಟ ದ್ರಾವಣ ಮರದ ಮೇಲೆ ಸರಿಯಾಗಿ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಹಾಗಾಗಿ ಬೇಕಾದಷ್ಟನ್ನು ಬೇಕಾದಾಗ ಕಲಸಿಕೊಳ್ಳುವುದು ಇಲ್ಲಿನ ರೂಢಿ.

ಮೂರು ಕಲೆ, ಮೂರು ಮದ್ದು

ಉಸ್ತಾದ್ ಟೀಪಾಯಿಯನ್ನು ಕಿಟಕಿಗೆ ಓರೆಯಾಗಿ ಹಿಡಿದು ಬೆಳಕು ಜಾರಿಸಿದರು. "ಬಿಳಿ ಕಲೆ ಪಾಲಿಶ್‌ದು. ಕರಿ ಕಲೆ ಮರದ್ದು. ಇದನ್ನು ಅರಿತುಕೊಂಡರೆ ಅರ್ಧ ಕೆಲಸ ಆಯ್ತು."

ಬಿಳಿ ಉಂಗುರ ಮೊದಲು. ಬಿಸಿ ಲೋಟದ ಹಬೆ ಅರಗಿನ ಪದರಕ್ಕೆ ನುಗ್ಗಿ ಅತಿ ಸಣ್ಣ ತೇವದ ಕಣಗಳಾಗಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆ ಕಣಗಳಿಗೆ ತಾಗಿದ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಆಗುಂಬೆಯ ಮಂಜು ಬೆಳ್ಳಗೆ ಕಾಣುವುದೂ ಹೀಗೆಯೇ. ಮರಕ್ಕೆ ಏನೂ ಆಗಿರುವುದಿಲ್ಲ. ಉಸ್ತಾದ್ ಬಟ್ಟೆಯ ಉಂಡೆಗೆ ಸ್ಪಿರಿಟ್ ಮುಟ್ಟಿಸಿ, ಅದನ್ನು ಅಂಗೈಗೆ ಬಡಿದು ನೋಡಿದರು. ಅಂಗೈ ಒದ್ದೆಯಾಗಬಾರದು, ತಣ್ಣಗಾದರೆ ಸಾಕು. ಉಂಗುರದ ಮೇಲೆ ಗರಿ ಸವರಿದ ಹಾಗೆ ಒಮ್ಮೆ ಎಳೆದರು, ಕಾದರು, ಇನ್ನೊಮ್ಮೆ ಎಳೆದರು. ಅರಗು ಒಂದು ಕ್ಷಣ ಮೆತ್ತಗಾಗಿ ಸಿಕ್ಕಿಬಿದ್ದ ತೇವ ಹೊರಟುಹೋಯಿತು. ನಾಲ್ಕನೆಯ ಸವರಿಗೆ ಉಂಗುರವಿರಲಿಲ್ಲ. ವರ್ಷಗಟ್ಟಲೆ ಮೇಜುಬಟ್ಟೆ ಹೊದಿಸಿ ಮುಚ್ಚಿಟ್ಟ ಕಲೆ ಅದು.

ಸ್ಯಾನಿಟೈಸರ್ ಮಾಡಿದ್ದೂ ಇದೇ ಕೆಲಸ, ಆದರೆ ಲಂಗುಲಗಾಮಿಲ್ಲದೆ. ಅದರಲ್ಲಿ ಶೇ 70ರ ಆಸುಪಾಸು ಆಲ್ಕೋಹಾಲ್ ಇರುತ್ತದೆ. ನಿಂತಲ್ಲೇ ನಿಂತು ಅದು ಅರಗನ್ನು ಕರಗಿಸಿತ್ತು, ಕರಗಿದ ಅರಗು ಧೂಳನ್ನೂ ಸೇರಿಸಿಕೊಂಡು ಗಟ್ಟಿಯಾಗಿತ್ತು. ಅಲ್ಲಿ ಎದ್ದ ಸುಕ್ಕನ್ನಷ್ಟೇ 400ನೇ ನಂಬರಿನ ಪಾಲಿಶ್ ಪೇಪರಿನಿಂದ ಹಗುರವಾಗಿ ಮಟ್ಟಸ ಮಾಡಿದರು. ಉಳಿದ ಕುಳಿಗೆ ತೆಳು ಚಪಡಾವನ್ನು ಸಣ್ಣ ಬ್ರಷ್ಷಿನಿಂದ ಬಿಟ್ಟು, ಒಣಗಿಸಿ, ಮತ್ತೆ ಬಿಟ್ಟು, ಸುತ್ತಲಿನ ಮಟ್ಟಕ್ಕೆ ತುಂಬಿಸುವುದು. ಒಂದೇ ಸಲ ದಪ್ಪಗೆ ಸುರಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಇದಕ್ಕೆ ಮೂರು ದಿನ ಬೇಕೆಂದರು.

ಕಪ್ಪು ಅರ್ಧಚಂದ್ರ ಮಾತ್ರ ಕಷ್ಟದ್ದು. ನೀರು ಪಾಲಿಶ್ ದಾಟಿ ಮರಕ್ಕೇ ಇಳಿದಿತ್ತು. ಕಬ್ಬಿಣದ ತುಕ್ಕು ಮರದೊಳಗಿನ ಒಗರಿನೊಂದಿಗೆ, ಅಂದರೆ ಟ್ಯಾನಿನ್‌ನೊಂದಿಗೆ ಸೇರಿ ಕಪ್ಪಾಗಿತ್ತು. ಹಿಂದೆ ಕಬ್ಬಿಣ ಮತ್ತು ಅಳಲೆಕಾಯಿಯ ಒಗರು ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಹಾಗಾಗಿ ನನ್ನ ಟೀಪಾಯಿಯ ಮೇಲೆ ಇದ್ದದ್ದು ಶಾಯಿಯ ಕಲೆ ಎಂದೇ ಹೇಳಬೇಕು. ಅಷ್ಟು ಜಾಗದ ಪಾಲಿಶ್ಶನ್ನು ಮಾತ್ರ ಸ್ಪಿರಿಟ್ಟಿನಿಂದ ತೆಗೆದು, ಬಿಸಿನೀರಿನಲ್ಲಿ ಕದಡಿದ ಆಕ್ಸಾಲಿಕ್ ಆಮ್ಲವನ್ನು ಬ್ರಷ್ಷಿನಿಂದ ಹಚ್ಚಿದರು. ಅದು ಕಬ್ಬಿಣವನ್ನು ಹಿಡಿದು ಕರಗುವ ರೂಪಕ್ಕೆ ತರುತ್ತದೆ. ಕಣ್ಣೆದುರೇ ಕಪ್ಪು ಬೂದಾಗಿ, ಬೂದು ಕಂದಾಗಿ ತಿರುಗಿತು. ಆಮೇಲೆ ಎರಡು ಮೂರು ಸಲ ಒದ್ದೆ ಬಟ್ಟೆಯಲ್ಲಿ ತೊಳೆದರು. ಆಮ್ಲ ಮರದಲ್ಲಿ ಉಳಿದರೆ ಮುಂದಿನ ಪಾಲಿಶ್ ಕೆಡುತ್ತದೆ. ಆಕ್ಸಾಲಿಕ್ ಆಮ್ಲ ವಿಷ. ಉಸ್ತಾದ್ ಕೈಗವಸು ಹಾಕಿದ್ದರು, ಮಕ್ಕಳನ್ನು ಅಂಗಳದಿಂದ ಆಚೆ ಕಳಿಸಿದ್ದರು. ಮನೆಯಲ್ಲಿ ಇದನ್ನು ಪ್ರಯೋಗ ಮಾಡುವವರು ಇಷ್ಟನ್ನು ಮರೆಯಬಾರದು.

ನಿಲ್ಲದ ಕೈ

ಮಧ್ಯಾಹ್ನದ ನಂತರ ಒಳಕೋಣೆಯಲ್ಲಿ ನಿಜವಾದ ಪಾಲಿಶ್ ನೋಡಲು ಕೂತೆ. ಉಪಕರಣ ಎಂದರೆ ಹತ್ತಿಯ ಒಂದು ಉಂಡೆ, ಅದರ ಮೇಲೆ ಹಳೆಯ ಪಂಚೆಯ ತುಂಡು. ನೂರಾರು ಸಲ ಒಗೆದು ಗಂಜಿಯೆಲ್ಲ ಹೋಗಿ, ನೂಲು ಬಿಡದಷ್ಟು ಮೆತ್ತಗಾದ ಬಟ್ಟೆಯೇ ಬೇಕು. ಹೊಸ ಬಟ್ಟೆ ಗೀರು ಹಾಕುತ್ತದೆ. ಒಳಗಿನ ಹತ್ತಿಗೆ ಚಪಡಾ ಕುಡಿಸಿ, ಬಟ್ಟೆ ಬಿಗಿದು, ಮೇಲೆ ಬೆರಳ ತುದಿಯಿಂದ ಒಂದು ತೊಟ್ಟು ಅಗಸೆ ಎಣ್ಣೆ. ಉಂಡೆ ಜಿಗುಟಾಗಿ ಹಿಡಿಯದಂತೆ ಎಣ್ಣೆ ಕಾಯುತ್ತದೆ.

ಮೊದಲು ಮರದ ಎಳೆಯ ಉದ್ದಕ್ಕೆ, ಆಮೇಲೆ ಸಣ್ಣ ಸುತ್ತು, ಆಮೇಲೆ ಇಂಗ್ಲಿಷ್ ಎಂಟರ ಆಕಾರ. ಕೈ ಎಲ್ಲೂ ನಿಲ್ಲುವುದಿಲ್ಲ. ಹಕ್ಕಿ ನೀರಿಗೆ ಇಳಿಯುವಂತೆ ಅಂಚಿನಿಂದ ಜಾರಿ ಬರುತ್ತದೆ, ಜಾರುತ್ತಲೇ ಎದ್ದು ಹೋಗುತ್ತದೆ. ಒಂದು ಕ್ಷಣ ನಿಂತರೂ ಉಂಡೆ ಕೆಳಗಿನ ಅರಗನ್ನು ಕರಗಿಸಿ ಕಿತ್ತುಕೊಳ್ಳುತ್ತದೆ. ಕೊನೆಗೆ ಬರೀ ಸ್ಪಿರಿಟ್ ಸೋಕಿದ ಉಂಡೆಯಿಂದ ಎಣ್ಣೆಯ ಮಬ್ಬನ್ನು ಎತ್ತಬೇಕು. ಆಗ ಆಳದಿಂದ ಹೊಳಪು ಮೇಲಕ್ಕೆ ಬರುತ್ತದೆ. ಇದನ್ನು ದಿನಕ್ಕೆ ಒಂದೆರಡು ಸಲದಂತೆ ಹಲವು ದಿನ ಮಾಡುತ್ತಾರೆ. ಎಣ್ಣೆ ಕುಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯುವುದಿಲ್ಲ, ಹಗ್ಗದ ಮೇಲೆ ಹರಡುತ್ತಾರೆ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತನಗೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು, ಪಕ್ಕದಲ್ಲೇ ಸ್ಪಿರಿಟ್ ಇರುತ್ತದೆ.

ಗೋಡೆ ಬದಿಗೆ ಒಂದು ಬೀಟೆಯ ಎಸ್ಟೇಟ್ ಕುರ್ಚಿ. ಬಿಸಿಲಿಗೆ ಒಣಗಿ ಅದರ ಪಾಲಿಶ್ ಬೇಸಿಗೆಯ ಕೆರೆಯಂಗಳದಂತೆ ಸೀಳು ಬಿಟ್ಟಿತ್ತು. ಗಲ್ಲಿಯ ಬಾಯಲ್ಲಿ ಇಂಥದ್ದನ್ನೇ ಮಷೀನು ನುಂಗುತ್ತಿತ್ತು. ಇಲ್ಲಿ ಉಸ್ತಾದರ ಶಿಷ್ಯ ಧೂಳು ಒರೆಸಿ, ಅಗಲ ಬ್ರಷ್ಷಿನಿಂದ ಸ್ಪಿರಿಟ್ಟನ್ನು ತೆಳುವಾಗಿ ಹಚ್ಚಿದ. ಸೀಳಿನ ಅಂಚುಗಳು ಮೆತ್ತಗಾಗಿ, ಒಂದರೊಳಗೊಂದು ಹರಿದು, ನಿಧಾನಕ್ಕೆ ಕೂಡಿಕೊಂಡವು. ಹೊರಗಿನಿಂದ ಒಂದು ಚಿಟಿಕೆಯನ್ನೂ ಸೇರಿಸದೆ, ಹಳೆಯ ಪಾಲಿಶ್ಶೇ ತನ್ನ ಗಾಯವನ್ನು ತುಂಬಿಕೊಂಡಿತು. ಆ ಇಡೀ ದಿನದಲ್ಲಿ ನನ್ನ ಕಣ್ಣು ತುಂಬಿದ ನೋಟ ಅದೇ.

ಬೀಟೆಯ ವಿಷಯದಲ್ಲಿ ಈ ಜತನಕ್ಕೆ ಇನ್ನೊಂದು ಕಾರಣವೂ ಇದೆ. ಸ್ವಂತ ಜಮೀನಿನಲ್ಲಿರುವ ಬೀಟೆಯನ್ನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಬೀಟೆಯ ಕುಲವಾದ ಡಾಲ್ಬರ್ಜಿಯಾ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ, ಅಳಿವಿನ ಅಪಾಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಡಿವಾಣ ಬಿದ್ದಿದೆ. ನಮ್ಮ ಮನೆಗಳಲ್ಲಿರುವ ಹಳೆಯ ಬೀಟೆಯಷ್ಟು ಅಗಲದ ಹಲಗೆ ಮುಂದೆ ಸುಲಭಕ್ಕೆ ಸಿಗುವುದಿಲ್ಲ. ಉಜ್ಜಿ ಹಾಳು ಮಾಡಿದ್ದನ್ನು ತಂದುಕೊಡುವ ಕಾಡು ಎಲ್ಲಿದೆ?

ಹೋಗುವವರಿಗೆ

ಮಳೆಗಾಲ ಬೇಡ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಪಾಲಿಶ್ ಬೆಳ್ಳಗಾಗುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ತಪ್ಪಿಸಿ ಹೋಗಿ.

ಸಾಮಾನು ಒಪ್ಪಿಸುವ ಮೊದಲು ಮೂರು ಮಾತು ಕೇಳಿ. ಸ್ಪಿರಿಟ್ ಹಾಕಿ ನೋಡುತ್ತೀರಾ? ಎಷ್ಟು ಜಾಗ ಮುಟ್ಟುತ್ತೀರಿ? ಕಾಸ್ಟಿಕ್ ಸೋಡಾ ಬಳಸುತ್ತೀರಾ? ಮೂರನೆಯದಕ್ಕೆ ಹೌದು ಎಂದರೆ ಸಾಮಾನು ವಾಪಸ್ ತನ್ನಿ. ಕಾಸ್ಟಿಕ್ ಮರವನ್ನು ಕಪ್ಪಾಗಿಸುತ್ತದೆ, ಹಳೆಯ ಸಾಮಾನಿನ ವಜ್ರದ ಅಂಟನ್ನು (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು) ಬಿಡಿಸಿ ಕೀಲುಗಳನ್ನು ಸಡಿಲ ಮಾಡುತ್ತದೆ. ಕೆಲಸ ಮುಗಿದ ಸಾಮಾನುಗಳನ್ನೂ ಬೆಳಕಿಗೆ ಹಿಡಿದು ನೋಡಿ. ಬೀಟೆಯ ಸಣ್ಣ ರಂಧ್ರಗಳಲ್ಲಿ ಬಿಳಿ ಚುಕ್ಕೆಗಳು ಕಂಡರೆ ರಂಧ್ರ ತುಂಬುವ ಚಾಕ್ ಪುಡಿಗೆ ಬಣ್ಣ ಸೇರಿಸದೆ ಅವಸರದಲ್ಲಿ ಮೆತ್ತಿದ್ದಾರೆ ಎಂದು ತಿಳಿಯಬೇಕು.

ಮನೆಗೆ ತಂದ ಮೇಲೆ ಬಿಸಿ ಲೋಟದ ಕೆಳಗೆ ಒಂದು ತಟ್ಟೆ ಇಡಿ. ಸ್ಯಾನಿಟೈಸರ್, ಸೆಂಟು, ಸ್ಪಿರಿಟ್ ಇರುವ ಕ್ಲೀನರ್ ಹತ್ತಿರ ಸುಳಿಯದಿರಲಿ. ಧೂಳಿಗೆ ಒಣ ಮೆತ್ತನೆ ಬಟ್ಟೆ ಸಾಕು.

ಒಂಬತ್ತು ದಿನದ ಮೇಲೆ

ಟೀಪಾಯಿ ತರಲು ಹೋದಾಗ ಅದು ಕಿಟಕಿಯ ಪಕ್ಕ ನನಗಾಗಿ ಕಾದಿತ್ತು. ಬಿಳಿ ಉಂಗುರ ಇದ್ದ ಜಾಗ ಹೇಳಿದರೂ ಗೊತ್ತಾಗದು. ಸ್ಯಾನಿಟೈಸರಿನ ಕುಳಿ ಬೆರಳಿಗೂ ಸಿಗಲಿಲ್ಲ. ಕಪ್ಪು ಅರ್ಧಚಂದ್ರ ಮಾತ್ರ, ತೀರಾ ಓರೆಯಾಗಿ ನೋಡಿದರೆ, ಮೋಡದ ನೆರಳಿನಷ್ಟು ಉಳಿದಿತ್ತು.

"ಇನ್ನೂ ತೆಗೆಯಬಹುದಿತ್ತು ಅಮ್ಮಾ. ಆದರೆ ಸುತ್ತಲಿನ ಮರ ಬಿಳಚಿಕೊಳ್ಳುತ್ತಿತ್ತು. ಅದಕ್ಕೇ ಅಲ್ಲಿಗೆ ಕೈ ಬಿಟ್ಟೆ" ಎಂದರು ಉಸ್ತಾದ್. ಎಲ್ಲಿ ಕೈ ಬಿಡಬೇಕೆಂದು ತಿಳಿದವರ ಕೈಗೆ ಅಜ್ಜನ ಟೀಪಾಯಿ ಸಿಕ್ಕಿತ್ತಲ್ಲ ಎಂದು ನೆಮ್ಮದಿಯಾಯಿತು.

ಹೊರಬರುವಾಗ ಗಲ್ಲಿಯ ಬಾಯಲ್ಲಿ ಆಟೋದಿಂದ ಒಬ್ಬ ಹಿರಿಯರು ಆರಾಮ ಕುರ್ಚಿಯೊಂದನ್ನು ಇಳಿಸುತ್ತಿದ್ದರು. ಅದರ ತೋಳುಗಳ ಮೇಲೆ ಬೆಳ್ಳಗೆ ಮಬ್ಬು. ಮಷೀನಿನ ಹುಡುಗ ಆಗಲೇ ಎದ್ದು ನಿಂತಿದ್ದ.

"ಸರ್, ಒಂದು ನಿಮಿಷ. ಉಜ್ಜಿಸುವ ಮೊದಲು ಒಂದು ಹನಿ ಸ್ಪಿರಿಟ್ ಹಾಕಿ ನೋಡಿ" ಎಂದೆ.

ಅವರು ನನ್ನನ್ನೂ ನನ್ನ ಟೀಪಾಯಿಯನ್ನೂ ನೋಡಿದರು. ಹುಡುಗನೇ ಒಳಗೆ ಹೋಗಿ ಬಾಟಲಿ, ಹತ್ತಿ ತಂದ. ಕುರ್ಚಿಯನ್ನು ಮಗುಚಿ ತೋಳಿನ ಕೆಳಮೈಗೆ ಮೆಲ್ಲಗೆ ಉಜ್ಜಿದ. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು.

ಹತ್ತಿ ಕೆಂಪಾಯಿತು.